ಮೂರು ಆಲ್ಬಂ, ಒಂದು ಹಳೆಯ ವೂಫರ್

ಅತಿವೇಗದ, ಅಬ್ಬರದ ಸಂಗೀತಕ್ಕೆ ಹೆಸರಾದ ಬ್ರಿಟನ್ನಿನ ನೇಪಾಮ್ ಡೆತ್ ತಂಡದ ‘ಯು ಸಫರ್’ ಒಂದು ಸೆಕೆಂಡು ಚಿಲ್ಲರೆಯಲ್ಲಿ ಮುಗಿದುಹೋಗುವ ಹಾಡು. ಅದನ್ನು ನುಡಿಸಿದ ಮಿಕ್ ಹ್ಯಾರಿಸ್, ನಿಕ್ ಬುಲೆನ್, ಜಸ್ಟಿನ್ ಬ್ರಾಡ್ರಿಕ್ ಮೂವರೂ ಮುಂದೆ ನಿಧಾನದ ದಾರಿ ಹಿಡಿದು ಡಬ್‌ಗೆ ಬಂದರು. 1970ರ ದಶಕದಲ್ಲಿ ಜಮೈಕಾದ ಸೌಂಡ್ ಎಂಜಿನಿಯರ್ ಕಿಂಗ್ ಟಬಿಯಂಥವರು ಹಾಡಿನಿಂದ ಗಾಯಕರ ದನಿಯನ್ನು ಕಿತ್ತು, ಬಾಸ್ ಎಂಬ ತಗ್ಗಿನ ಸ್ವರ, ಡ್ರಮ್ ಮತ್ತು ಪ್ರತಿಧ್ವನಿಯನ್ನು ಉಳಿಸಿಕೊಂಡು ರೂಪಿಸಿದ ಕಲೆ ಅದು. ಅದಕ್ಕೆ ಕಾರ್ಖಾನೆಯ ಗದ್ದಲ ಬೆರೆಸಿದ ಮೂರು ಆಲ್ಬಂಗಳನ್ನು ಒಂದು ವಾರ ಬಾಸ್ ಮೊಳಗಿಸುವ ಮನೆಯ ಹಳೆಯ ಸ್ಪೀಕರ್, ಅಂದರೆ ವೂಫರಿನಲ್ಲೂ, ಬಸ್ಸಿನಲ್ಲಿ ಇಯರ್‌ಫೋನಿನಲ್ಲೂ ಕೇಳಿದೆ.

ವಿಮರ್ಶಕರ ಮುದ್ದಿನ ಕೂಸು 2008ರ ‘ಲಂಡನ್ ಝೂ’. ದಿ ಬಗ್ ಎಂಬ ಹೆಸರಿನಲ್ಲಿ ಕೆವಿನ್ ಮಾರ್ಟಿನ್ ತಂದ ಇದನ್ನು ಬ್ರಿಟನ್ನಿನ ಸಂಗೀತ ಪತ್ರಿಕೆ ‘ದಿ ವೈರ್’ ವರ್ಷದ ಅತ್ಯುತ್ತಮ ಆಲ್ಬಂ ಎಂದು ಆರಿಸಿತ್ತು. ಟಿಪ್ಪಾ ಐರಿ ಹಾಡಿರುವ ಮೊದಲ ಹಾಡಿನ ಹೆಸರೇ ‘ಆಂಗ್ರಿ’. ಬಸ್ಸಿನ ಸದ್ದಿನಲ್ಲಿ ಬಾಸ್ ಅಡಗಿದರೂ ಉಳಿದ ಹಾಡುಗಳಲ್ಲಿ ದನಿಗೂಡಿಸಿರುವ ವಾರಿಯರ್ ಕ್ವೀನ್, ಫ್ಲೋಡ್ಯಾನ್ ಅವರ ಸಿಟ್ಟು ಕಿವಿಗೆ ಬಡಿಯುತ್ತಲೇ ಇರುತ್ತದೆ. ಹೊಗಳಿಕೆ ಸುಳ್ಳಲ್ಲ. ಆದರೆ ಡಬ್ ಹೊರಗೆ ಕಳಿಸಿದ್ದ ದನಿ ಇಲ್ಲಿ ಮರಳಿ ಬಂದು ಯಜಮಾನಿಕೆ ನಡೆಸುತ್ತದೆ.

ಇದೇ ಮಾರ್ಟಿನ್, ಬ್ರಾಡ್ರಿಕ್ ಜೊತೆ ಸೇರಿ ಟೆಕ್ನೋ ಆನಿಮಲ್ ಹೆಸರಿನಲ್ಲಿ 1995ರಲ್ಲಿ ತಂದ ‘ರೀ-ಎಂಟ್ರಿ’ ಎರಡು ಸಿ.ಡಿ.ಗಳಷ್ಟು ಉದ್ದ. ಮೊದಲನೆಯದರಲ್ಲಿ ಜಾನ್ ಹ್ಯಾಸೆಲ್ ಅವರ ಟ್ರಂಪೆಟ್ ಮಂಜಿನಂತೆ ಹಬ್ಬುತ್ತದೆ. ಎರಡನೆಯದರಲ್ಲಿ ನಾನು ನಿದ್ದೆಹೋದೆ. ಅದರ ಹೆಸರು ‘ಹೆವಿ ಲಿಡ್ಸ್’, ಅಂದರೆ ಭಾರವಾದ ರೆಪ್ಪೆಗಳು, ತಪ್ಪು ನನ್ನದಲ್ಲ.

ಹ್ಯಾರಿಸ್ ಮತ್ತು ಬುಲೆನ್ ಅವರ ಸ್ಕಾರ್ನ್ ತಂಡದ ‘ಇವನೆಸೆನ್ಸ್’ (1994) ಹುಡುಕುವುದೇ ಒಂದು ಪರದಾಟ, ಅದೇ ಹೆಸರಿನ ಅಮೆರಿಕದ ರಾಕ್ ತಂಡ ಅಡ್ಡ ಬರುತ್ತದೆ. ಇಯರ್‌ಫೋನಿನಲ್ಲಿ ಕೇಳಿದಾಗ ಪಕ್ಕದ ಮನೆಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದಾರೆ ಎನ್ನಿಸಿತು, ಅಷ್ಟೇ. ರಾತ್ರಿ ವೂಫರಿಗೆ ಹಾಕಿದೆ. ‘ಸಿಲ್ವರ್ ರೇನ್ ಫೆಲ್’ ಶುರುವಾಗಿ ಬಾಸ್ ಇಳಿದದ್ದೇ ತಡ, ಕಪಾಟಿನ ಮೇಲಿದ್ದ ಸ್ಟೀಲ್ ಲೋಟ ಸಣ್ಣಗೆ ಗುಂಯ್‌ಗುಡತೊಡಗಿತು. ಒಂದು ಏಟು ಬಿದ್ದು ಮುಂದಿನದು ಬರುವ ತನಕ ಕೋಣೆ ದೊಡ್ಡದಾದಂತೆ. ಬುಲೆನ್ ಅವರ ದನಿ ಇದೆ, ಆದರೆ ಹಳ್ಳದ ಆಚೆಯಿಂದ ಬಂದಂತೆ. ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳುವ ಹಟವನ್ನು ಬಿಟ್ಟೆ.

ಬಸ್ಸಿಗೆ ‘ಲಂಡನ್ ಝೂ’ ಸಾಕು. ಮನೆಗೆ ನನ್ನ ಆಯ್ಕೆ ‘ಇವನೆಸೆನ್ಸ್’. ಲೋಟವನ್ನು ಅಡುಗೆಮನೆಗೆ ಸಾಗಿಸಿದ್ದೇನೆ.