ಫಾರ್ಮುಲಾ ರೋಸಾ, ಫ್ಲೈಯಿಂಗ್ ಏಸಸ್, ಸ್ಟಾರ್ಮ್: ಮೂರನ್ನೂ ಹತ್ತಿಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಈ ಮೂರು ರೋಲರ್ ಕೋಸ್ಟರ್‌ಗಳಲ್ಲಿ ನನಗೆ ಹಿಡಿಸಿದ್ದು ಫ್ಲೈಯಿಂಗ್ ಏಸಸ್. ಆದರೆ ನಾನು ದುಡ್ಡು ಕೂಡಿಟ್ಟದ್ದು, ಆರು ತಿಂಗಳು ಕನಸು ಕಂಡದ್ದು, ಟಿಕೆಟ್ ತೆಗೆದದ್ದು ಎಲ್ಲವೂ ಫಾರ್ಮುಲಾ ರೋಸಾಕ್ಕಾಗಿ. ಪುಣ್ಯಕ್ಕೆ ಎರಡೂ ಅಬುಧಾಬಿಯ ಯಾಸ್ ದ್ವೀಪದಲ್ಲಿ, ಫೆರಾರಿ ವರ್ಲ್ಡ್ ಎಂಬ ಒಂದೇ ಪಾರ್ಕಿನಲ್ಲಿವೆ. ಬೇರೆ ಬೇರೆ ಊರಲ್ಲಿ ಇದ್ದಿದ್ದರೆ ನನ್ನ ಆಯ್ಕೆ ತಪ್ಪಿಹೋಗುತ್ತಿತ್ತು. ಮೂರನೆಯದು ದುಬೈ ಹಿಲ್ಸ್ ಮಾಲ್‌ನ ಸ್ಟಾರ್ಮ್ ಕೋಸ್ಟರ್. ಅದನ್ನು ಹತ್ತಿದ್ದು ಅಕ್ಕನ ಜತೆ ಮಾಲ್‌ಗೆ ಹೋದ ಇನ್ನೊಂದು ಸಂಜೆ.

ಅಕ್ಕ, ಭಾವ ಶಾರ್ಜಾಕ್ಕೆ ಹೋಗಿ ಹನ್ನೆರಡು ವರ್ಷ ಆಯಿತು. ಪ್ರತಿ ವರ್ಷ ಕರೆಯುತ್ತಿದ್ದರು, ನಾನು ಮುಂದಕ್ಕೆ ಹಾಕುತ್ತಿದ್ದೆ. ಕೊನೆಗೆ ಹೊರಡಿಸಿದ್ದು ಅಕ್ಕನ ಮಗ ಕಳಿಸಿದ ಒಂದು ವೀಡಿಯೊ. ಕೆಂಪು ಬಂಡಿ ನಿಂತಲ್ಲಿಂದ ಗುಂಡಿನ ಹಾಗೆ ಹಾರುತ್ತದೆ, ಕೆಳಗೆ ‘ಜಗತ್ತಿನಲ್ಲೇ ಅತಿ ವೇಗದ ರೋಲರ್ ಕೋಸ್ಟರ್’ ಎಂದು ಬರೆದಿತ್ತು. ಪುತ್ತೂರು ಜಾತ್ರೆಯ ತೊಟ್ಟಿಲಿನಿಂದ ಶುರುವಾದ ಹುಚ್ಚು ನನ್ನದು. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಬಿಡದಿಯ ವಂಡರ್‌ಲಾಕ್ಕೆ ಕರೆದುಕೊಂಡು ಹೋದಾಗಲೆಲ್ಲ ರಿಕಾಯಿಲ್ ಹತ್ತದೆ ಬಂದವಳಲ್ಲ. ನವೆಂಬರ್‌ನಲ್ಲಿ ವಿಮಾನದ ಟಿಕೆಟ್ಟು, ಪಾರ್ಕಿನ ಟಿಕೆಟ್ಟು ಎರಡನ್ನೂ ತೆಗೆದೆ. ಹೊರಡುವುದು ಜನವರಿ ಎರಡನೇ ವಾರ.

2025ರ ಡಿಸೆಂಬರ್ 31ರಂದು ಸೌದಿಯ ರಿಯಾಧ್ ಹತ್ತಿರ ಕಿದ್ದಿಯಾದಲ್ಲಿ ಹೊಸ ಪಾರ್ಕ್ ತೆರೆಯಿತು. ಅಲ್ಲಿನ ಫಾಲ್ಕನ್ಸ್ ಫ್ಲೈಟ್ ಎಂಬ ಕೋಸ್ಟರ್‌ನ ವೇಗ ಗಂಟೆಗೆ 250 ಕಿ.ಮೀ. ರೋಸಾದ್ದು 240. ವಿಮಾನ ನಿಲ್ದಾಣದಲ್ಲಿ ನನ್ನನ್ನು ಕಂಡ ಕೂಡಲೇ ಅಕ್ಕನ ಮಗ ಹೇಳಿದ ಮೊದಲ ಮಾತು, “ಚಿಕ್ಕಮ್ಮ, ರೆಕಾರ್ಡ್ ಹೋಯ್ತು, ಗೊತ್ತುಂಟಾ?” ಎಂದು. ನನಗೆ ಗೊತ್ತಿತ್ತು. ಹೊಟ್ಟೆ ಉರಿದದ್ದೂ ಹೌದು. ಹದಿನೈದು ವರ್ಷ ಯಾರೂ ಮುಟ್ಟದ ದಾಖಲೆ, ನಾನು ಹೋಗುವ ಹತ್ತು ದಿನ ಮೊದಲು ಮುರಿಯಬೇಕೇ? ಅವನು ಸಮಾಧಾನಕ್ಕೆ ಇತಿಹಾಸ ಶುರು ಮಾಡಿದ. 2010ರಲ್ಲಿ ರೋಸಾ ಬಂದಾಗ ಅಮೆರಿಕದ ನ್ಯೂಜೆರ್ಸಿಯ ಕಿಂಗ್ಡಾ ಕಾದಿಂದ ದಾಖಲೆ ಕಿತ್ತುಕೊಂಡಿತ್ತಂತೆ. ಅದು ಗಂಟೆಗೆ 206 ಕಿ.ಮೀ. ಓಡುತ್ತಿತ್ತು, 139 ಮೀಟರ್ ಎತ್ತರ ಇತ್ತು. 2025ರ ಫೆಬ್ರವರಿಯಲ್ಲಿ ಅದನ್ನು ಸ್ಫೋಟಿಸಿ ಉರುಳಿಸಿಯೇ ಬಿಟ್ಟರು. “ನಿಮ್ಮದು ಇನ್ನೂ ನಿಂತುಂಟಲ್ಲ ಚಿಕ್ಕಮ್ಮ” ಎಂದ. ಆ ಮಾತಿನಿಂದ ನಿಜಕ್ಕೂ ಸ್ವಲ್ಪ ಸಮಾಧಾನವಾಯಿತು.

ಇನ್ನು ಕನ್ನಡಕದ ವಿಷಯ. ಕನ್ನಡಕ ಹಾಕುವವರು ಇದನ್ನು ಪೂರ್ತಿ ಓದಿ, ಯಾಕೆಂದರೆ ನನಗೆ ಇದನ್ನು ಮೊದಲೇ ಯಾರೂ ಹೇಳಲಿಲ್ಲ.

ನನ್ನ ಕಣ್ಣಿನ ಪವರ್ ಮೈನಸ್ ಆರೂವರೆ. ಕನ್ನಡಕ ತೆಗೆದರೆ ನನ್ನ ಕೈಯ ಗೆರೆ ಕಾಣಬೇಕಾದರೂ ಕೈ ಮೂಗಿನ ಹತ್ತಿರ ಬರಬೇಕು. ಲೆನ್ಸ್ ನನಗೆ ಆಗುವುದಿಲ್ಲ. ಎರಡು ಸಲ ಹಾಕಿ ನೋಡಿದ್ದೇನೆ, ಎರಡೂ ಸಲ ಕಣ್ಣು ಕೆಂಪಗಾಗಿ ಡಾಕ್ಟರು ಬೇಡ ಎಂದಿದ್ದಾರೆ. ರೋಸಾದಲ್ಲಿ ಆ ವೇಗಕ್ಕೆ ಗಾಳಿಯಲ್ಲಿರುವ ಮರಳು, ಹುಳ ಕಣ್ಣಿಗೆ ಬಡಿಯಬಾರದೆಂದು ಪ್ರತಿಯೊಬ್ಬರಿಗೂ ಗಾಗಲ್ ಕೊಡುತ್ತಾರೆ, ವಿಮಾನದಿಂದ ಜಿಗಿಯುವವರು ಹಾಕುವಂಥದ್ದು. ಗಾಗಲ್ ಇರುತ್ತದೆ ಎಂದು ನನಗೆ ಗೊತ್ತಿತ್ತು. ಅದು ನನ್ನ ದಪ್ಪ, ಅಗಲ ಫ್ರೇಮಿನ ಮೇಲೆ ಕೂರುತ್ತದೋ ಇಲ್ಲವೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಕೂರಲಿಲ್ಲ. ಒತ್ತಿ ನೋಡಿದೆ, ಪಟ್ಟಿ ಸಡಿಲಿಸಿ ನೋಡಿದೆ, ಕಿವಿಯ ಹತ್ತಿರ ಎರಡು ಬೆರಳು ಸಂದು ಉಳಿಯಿತು. ಅಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದ, ಕನ್ನಡಕ ತೆಗೆದುಕೊಟ್ಟರೆ ನೋಡಿಕೊಳ್ಳುತ್ತೇನೆ ಎಂದಳು. ಹಿಂದೆ ಸಾಲು ಕಾಯುತ್ತಿತ್ತು. ತೆಗೆದು ಕೊಟ್ಟೆ.

ಬಂಡಿ ಹೊರಟ ಐದು ಸೆಕೆಂಡಿನ ಬಗ್ಗೆ ನನಗೆ ಒಂದು ದೂರೂ ಇಲ್ಲ. ನಿಂತಲ್ಲಿಂದ 240ಕ್ಕೆ ಏರಲು ರೋಸಾಕ್ಕೆ ಬೇಕಾದ್ದು 4.9 ಸೆಕೆಂಡ್. ನಮ್ಮ ತೂಕಕ್ಕಿಂತ ಜಾಸ್ತಿ ಬಲ ಬೆನ್ನ ಹಿಂದಿನಿಂದ ನೂಕುತ್ತದೆ, ತಲೆ ಸೀಟಿಗೆ ಅಂಟಿಕೊಳ್ಳುತ್ತದೆ, ಕೆನ್ನೆಯ ಮಾಂಸ ಕಿವಿಯ ಕಡೆ ಹೋದ ಹಾಗಾಗುತ್ತದೆ. ಎದೆಯೊಳಗೆ ಉಸಿರು ಇದೆಯೋ ಇಲ್ಲವೋ ತಿಳಿಯಲಿಲ್ಲ. ಜೀವನದಲ್ಲಿ ಹೀಗೊಂದು ನೂಕು ನನಗೆ ಬಿದ್ದದ್ದಿಲ್ಲ. ಅಷ್ಟಕ್ಕೆ ಮಾತ್ರ ಟಿಕೆಟ್ ಎಂದಿದ್ದರೂ ಕೊಡುತ್ತಿದ್ದೆ.

ಆಮೇಲೆ 52 ಮೀಟರ್ ಎತ್ತರದ ಏರು, ಇಳಿತ, ನಂತರ ಮರಳಿನ ಪಕ್ಕದಲ್ಲೇ ತಗ್ಗಿನಲ್ಲಿ ಓಡುವ ತಿರುವುಗಳು. ಹಳಿಯ ಉದ್ದ ಎರಡು ಕಿ.ಮೀ.ಗೂ ಹೆಚ್ಚು. ಇಟಲಿಯ ಮೊಂಜಾ ರೇಸ್ ಟ್ರ್ಯಾಕಿನ ಆಕಾರ ನೋಡಿ ರೂಪಿಸಿದ್ದಂತೆ. ಇಲ್ಲಿ ನನಗೆ ಕಂಡದ್ದು ಏನು? ಕೆಳಗೆ ಕಂದು ಬಣ್ಣ, ಮೇಲೆ ನೀಲಿ ಬಣ್ಣ, ನಡುನಡುವೆ ಕೆಂಪು. ಮೇಲೆ ಹೋದಾಗ ಸಮುದ್ರ ಕಂಡಿತು ಎಂದು ಪಕ್ಕದಲ್ಲಿದ್ದ ಹುಡುಗ ಆಮೇಲೆ ಹೇಳಿದ. ನನಗೆ ಯಾವ ಸಮುದ್ರವೂ ಕಾಣಲಿಲ್ಲ. ಗಂಟೆಗೆ 240 ಎಂದರೆ ಸೆಕೆಂಡಿಗೆ 66 ಮೀಟರ್, ಮೂರು ಕ್ರಿಕೆಟ್ ಪಿಚ್ ಸಾಲಾಗಿ ಜೋಡಿಸಿದರೂ ಅಷ್ಟು ಉದ್ದ ಆಗುವುದಿಲ್ಲ. ಅಂಥ ವೇಗದಲ್ಲಿ ಹೋಗುತ್ತಿದ್ದೇನೆ ಎಂದು ನನ್ನ ತಲೆ ಹೇಳುತ್ತಿತ್ತು, ನನ್ನ ಮೈಗೆ ಹಾಗೆ ಅನ್ನಿಸಲಿಲ್ಲ. ಗಾಳಿ ಜೋರಾಗಿತ್ತು, ಅಷ್ಟೇ.

ಇದು ಯಾಕೆ ಹೀಗೆ ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ವಿಮಾನ ಗಂಟೆಗೆ ಎಂಟುನೂರು ಕಿ.ಮೀ. ಹೋಗುವಾಗ ನಾವು ಕಾಫಿ ಕುಡಿಯುತ್ತೇವೆ. ಒಂದೇ ವೇಗದಲ್ಲಿ ನೇರ ಹೋಗುವುದು ದೇಹಕ್ಕೆ ಗೊತ್ತಾಗುವುದೇ ಇಲ್ಲ. ವೇಗ ಏರಿದರೆ, ಇಳಿದರೆ, ದಿಕ್ಕು ತಿರುಗಿದರೆ ಮಾತ್ರ ಗೊತ್ತಾಗುತ್ತದೆ. ಮಿಕ್ಕ ವೇಗವನ್ನೆಲ್ಲ ಕಣ್ಣು ಹೇಳಬೇಕು: ಪಕ್ಕದ ಕಂಬ ಸರ್ರನೆ ಹಿಂದೆ ಹೋಗಬೇಕು, ಮುಂದಿನ ತಿರುವು ಮೈಮೇಲೆ ಬಂದ ಹಾಗೆ ಕಾಣಬೇಕು. ನನ್ನ ಕಣ್ಣು ಹುಡುಗಿಯ ಟ್ರೇಯಲ್ಲಿ ಉಳಿದಿತ್ತು. ಹಾಗಾಗಿ ಮೊದಲ ಐದು ಸೆಕೆಂಡ್ ನನಗೆ ಪೂರ್ತಿ ಸಿಕ್ಕಿತು, ಆಮೇಲಿನ ಒಂದು ನಿಮಿಷ ಅರ್ಧ ಮಾತ್ರ. ಕಣ್ಣು ಚೆನ್ನಾಗಿರುವವರು, ಲೆನ್ಸ್ ಹಾಕುವವರು ನನ್ನ ಮಾತು ನಂಬಿ ರೋಸಾ ಬಿಡಬೇಡಿ. ಅಕ್ಕನ ಮಗ ಇಳಿದು ಬಂದಾಗ ಅವನ ಕಣ್ಣಲ್ಲಿ ನೀರಿತ್ತು, ಅಷ್ಟು ಖುಷಿ.

ಕನ್ನಡಕ ಇಲ್ಲದೆಯೂ ಪೂರ್ತಿ ಸಿಕ್ಕಿದ್ದು ಫ್ಲೈಯಿಂಗ್ ಏಸಸ್. ಇದಕ್ಕೆ ಹತ್ತುವಾಗ ನಾನೇ ತೆಗೆದು ಅಕ್ಕನ ಕೈಗೆ ಕೊಟ್ಟೆ. ವೇಗ 120, ಅಂದರೆ ರೋಸಾದ ಸರಿಯಾಗಿ ಅರ್ಧ. ಅಂಕಿ ನೋಡಿದವರು ಇದನ್ನು ಬದಿಗಿಡುತ್ತಾರೆ, ನಾನೂ ಮನೆಯಲ್ಲಿ ಕೂತು ಪಟ್ಟಿ ಮಾಡುವಾಗ ಹಾಗೆಯೇ ಮಾಡಿದ್ದೆ. ಆದರೆ ಇದರಲ್ಲಿ ಒಂದು ಕ್ಷಣವೂ ಒಂದೇ ರೀತಿ ಇರುವುದಿಲ್ಲ. ಮೇಲೆ ಎಳೆಯುವ ಏರೇ 51 ಡಿಗ್ರಿ ಕಡಿದು. ಬೇರೆ ಕೋಸ್ಟರ್‌ಗಳ ಹಾಗೆ ಸರಪಳಿ ಕಟಕಟ ಎನ್ನುತ್ತಾ ನಿಧಾನಕ್ಕೆ ಹತ್ತಿಸುವುದಿಲ್ಲ, ಕೇಬಲ್ಲು ಒಂದೇ ಉಸಿರಿಗೆ ಮೇಲೆಳೆಯುತ್ತದೆ. ದೇವರ ಹೆಸರು ಹೇಳಿ ಮುಗಿಯುವಷ್ಟರಲ್ಲಿ ಇಳಿತ. ಆಮೇಲೆ 52 ಮೀಟರ್ ಎತ್ತರದ ಲೂಪ್ ಬರುತ್ತದೆ. ಆದರೆ ಅದರ ತುದಿಯಲ್ಲಿ ಹಳಿ ತಿರುಚಿಕೊಳ್ಳುವುದರಿಂದ ನಾವು ತಲೆಕೆಳಗಾಗುವುದಿಲ್ಲ, ಆಕಾಶದಲ್ಲಿ ನೆಟ್ಟಗೆ ಕೂತು ಇನ್ನೊಂದು ಕಡೆ ಬೀಳುತ್ತೇವೆ. ಈ ಬಗೆಯ ಲೂಪಿನಲ್ಲಿ ಇದೇ ಅತಿ ಎತ್ತರದ್ದು ಎಂದು ಪಾರ್ಕಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಅದಕ್ಕಿಂತ ನನಗೆ ದೊಡ್ಡದು ಲೂಪಿನ ನಂತರದ ದಿಬ್ಬಗಳು. ಪ್ರತಿ ದಿಬ್ಬದ ತಲೆಯಲ್ಲಿ ಸೀಟಿನಿಂದ ಮೈ ಏಳುತ್ತದೆ, ಹೊಟ್ಟೆಯಲ್ಲಿ ಜುಂ ಎನ್ನುತ್ತದೆ, ಮತ್ತೆ ತಗ್ಗಿನಲ್ಲಿ ಯಾರೋ ಭುಜ ಅದುಮಿ ಕೂರಿಸಿದ ಹಾಗೆ. ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಇದರ ಚೂರು ಗೊತ್ತಿರುತ್ತದೆ. ಇದಕ್ಕೆ ಕಣ್ಣು ಬೇಡ. ಎರಡನೇ ಸಲ ಬೇಕೆಂದೇ ಕಣ್ಣು ಮುಚ್ಚಿ ಕೂತೆ, ಇನ್ನೂ ಚೆನ್ನಾಗಿತ್ತು. ಆ ದಿನ ಒಟ್ಟು ನಾಲ್ಕು ಸಲ ಹತ್ತಿದೆ. “ಎಂತ ಮಾರಾಯ್ತಿ, ಇನ್ನೂ ಸಾಕಾಗಲಿಲ್ವಾ?” ಎಂದು ಅಕ್ಕ ಕೇಳಿದಳು.

ಇದರ ಹಿಂದಿನ ಕಥೆಯೂ ನನಗೆ ಇಷ್ಟವಾಯಿತು. ಮೊದಲ ಮಹಾಯುದ್ಧದ ಇಟಲಿಯ ಪೈಲಟ್ ಫ್ರಾಂಚೆಸ್ಕೊ ಬರಾಕಾ ತನ್ನ ವಿಮಾನದ ಮೇಲೆ ಕುಣಿಯುವ ಕುದುರೆ ಬರೆಸಿಕೊಂಡಿದ್ದ. 1918ರಲ್ಲಿ ಅವನು ಯುದ್ಧದಲ್ಲಿ ತೀರಿಕೊಂಡ. ಐದು ವರ್ಷದ ಮೇಲೆ ಅವನ ತಾಯಿ ಎನ್ಜೊ ಫೆರಾರಿಗೆ, ಮಗನ ಕುದುರೆಯನ್ನು ನಿನ್ನ ಕಾರಿಗೆ ಹಾಕಿಕೊ, ಒಳ್ಳೆಯದಾಗುತ್ತದೆ ಎಂದರಂತೆ. ಫೆರಾರಿ ಕಾರಿನ ಕಪ್ಪು ಕುದುರೆ ಅದೇ. ಫ್ಲೈಯಿಂಗ್ ಏಸಸ್ ಕಟ್ಟಿರುವುದು ಆ ಪೈಲಟ್ಟಿನ ನೆನಪಿಗೆ. ಇಷ್ಟು ದಿನ ಆ ಕುದುರೆಯನ್ನು ಬರೀ ದುಡ್ಡಿನ ಗುರುತು ಎಂದುಕೊಂಡಿದ್ದೆ. ಒಬ್ಬ ತಾಯಿ ಕೊಟ್ಟದ್ದು ಎಂದು ತಿಳಿದ ಮೇಲೆ ಬೇರೆಯಾಗಿ ಕಂಡಿತು.

ಸ್ಟಾರ್ಮ್ ಬಗ್ಗೆ ಹೆಚ್ಚಿಲ್ಲ. ಮಾಲ್ ಒಳಗಿನ ಕೋಸ್ಟರ್, ಕತ್ತಲೆ, ಪರದೆಯ ಮೇಲೆ ಬಿರುಗಾಳಿ, ಹೆಚ್ಚೆಂದರೆ 77 ಕಿ.ಮೀ. ವೇಗ. ಬಂಡಿ ಗೋಡೆ ಹತ್ತುವ ಹಲ್ಲಿಯ ಹಾಗೆ ನೆಟ್ಟಗೆ ಮೇಲಕ್ಕೆ ನುಗ್ಗುವುದು ಇದರ ವಿಶೇಷ. ಹಾಗೆ ನೆಟ್ಟಗೆ ಏರುವ ವೇಗಕ್ಕೆ, ಗಂಟೆಗೆ 41 ಕಿ.ಮೀ.ಗೆ, ಗಿನ್ನೆಸ್ ದಾಖಲೆಯೂ ಇದೆ. ಬೆನ್ನ ಮೇಲೆ ಮಲಗಿ ಆಕಾಶಕ್ಕೆ ಹೋಗುವ ಆ ಕೆಲವು ಸೆಕೆಂಡ್ ಚೆನ್ನಾಗಿತ್ತು. ಉಳಿದದ್ದು ಬೇಗ ಮುಗಿಯಿತು. ಮತ್ತೊಮ್ಮೆ ಹತ್ತಬೇಕೆಂದು ಅನ್ನಿಸಲಿಲ್ಲ.

ಖರ್ಚು. ಫೆರಾರಿ ವರ್ಲ್ಡ್‌ಗೆ ಒಂದು ದಿನಕ್ಕೆ ನನಗೆ ಬಿದ್ದದ್ದು ನಮ್ಮ ದುಡ್ಡಿನಲ್ಲಿ ಎಂಟು ಸಾವಿರಕ್ಕೂ ಮೇಲೆ. ಸ್ಟಾರ್ಮ್ ಒಂದು ಸುತ್ತಿಗೆ ಎರಡು ಸಾವಿರದೊಳಗೆ. ಸ್ಟಾರ್ಮ್ ಅಗ್ಗ ಎನ್ನಿಸುತ್ತದೆ. ಆದರೆ ನಾನು ಒಂದೇ ಸಲ ಹತ್ತಿ ಮನೆಗೆ ಹೋಗುವವಳಲ್ಲ. ಏಸಸ್ ನಾಲ್ಕು, ರೋಸಾ ಒಂದು, ಜತೆಗೆ ಒಳಗಿನ ಬೇರೆ ಸಣ್ಣಪುಟ್ಟವು. ನನ್ನ ಲೆಕ್ಕದಲ್ಲಿ ಎಂಟು ಸಾವಿರವೇ ಅಗ್ಗ. ಅಕ್ಕನ ಮನೆ ಇರುವುದರಿಂದ ಹೋಟೆಲಿನ ಖರ್ಚು ಬರಲಿಲ್ಲ. ಅದು ಬಂದಿದ್ದರೆ ಈ ಪ್ರವಾಸವೇ ಆಗುತ್ತಿರಲಿಲ್ಲ.

ಕ್ಯೂ ತಪ್ಪಿಸುವ ಪಾಸ್ ತೆಗೆಯಲಿಲ್ಲ. ವಾರದ ನಡುವಿನ ದಿನ, ಬಾಗಿಲು ತೆರೆಯುವ ಹೊತ್ತಿಗೇ ಹೋದದ್ದರಿಂದ ಬೇಕಾಗಲೂ ಇಲ್ಲ.

ಮಕ್ಕಳಿದ್ದರೆ ಹೊರಡುವ ಮೊದಲು ಎತ್ತರ ಅಳೆಯಿರಿ. ರೋಸಾಕ್ಕೆ 140 ಸೆಂ.ಮೀ. ಬೇಕು. ಅಕ್ಕನ ಸಣ್ಣ ಮಗಳು ಏಳು ವರ್ಷದವಳು, ದಿನವಿಡೀ ಕೆಳಗೇ ನಿಂತು ನಮಗೆ ಕೈ ಬೀಸಿದಳು. ಕೊನೆಗೆ ಅವಳ ಜತೆ ಸಣ್ಣ ಕಾರು ಓಡಿಸುವ ಆಟಕ್ಕೆ ಎರಡು ಸಲ ಹೋದೆ.

ಫಾಲ್ಕನ್ಸ್ ಫ್ಲೈಟ್‌ಗೆ ಹೋಗೋಣ ಎಂದು ಅಕ್ಕನ ಮಗ ಈಗಲೇ ಹಠ ಹಿಡಿದಿದ್ದಾನೆ. ನಾಲ್ಕು ಕಿ.ಮೀ.ಗೂ ಉದ್ದದ ಹಳಿ, ಬೆಟ್ಟದ ಅಂಚಿನಿಂದ ಕೆಳಗೆ ಧುಮುಕುತ್ತದೆ. ಸೌದಿಯ ವೀಸಾ, ವಿಮಾನ, ಹೋಟೆಲು ಎಲ್ಲ ಸೇರಿದರೆ ನನ್ನ ಸಂಬಳಕ್ಕೆ ಇನ್ನೂ ಎರಡು ವರ್ಷ ದೂರದ ಮಾತು. 240ಕ್ಕೂ 250ಕ್ಕೂ ಇರುವ ವ್ಯತ್ಯಾಸ ನನ್ನ ಮೈಗೆ ತಿಳಿಯುವುದೂ ಇಲ್ಲ. ಆದರೆ ಆ ಧುಮುಕು ತಿಳಿಯುತ್ತದೆ, ಅದಕ್ಕೆ ಕನ್ನಡಕ ಬೇಕಾಗಿಲ್ಲ. “ಆ ಇಳಿತ ಎಷ್ಟು ಮೀಟರ್ ಉಂಟು ಅಂತ ನೋಡಿ ಹೇಳು, ಆಮೇಲೆ ಮಾತಾಡುವ” ಎಂದು ಅವನಿಗೆ ಹೇಳಿ ಬಂದಿದ್ದೇನೆ.