ಹಳೆ ಮಾರುತಿ 800ಕ್ಕೆ ಯಾವ ಬುಶ್? ಲೋಕಲ್ ರಬ್ಬರ್, ಕಂಪನಿ ರಬ್ಬರ್, ಪಿಯು

ಮೊದಲೇ ಹೇಳಿಬಿಡುತ್ತೇನೆ. ಬುಶ್ ಅಂದರೆ ಚಕ್ರದ ಕಡೆಯ ಕಬ್ಬಿಣದ ಭಾಗಗಳು ಬಾಡಿಗೆ ಕೂಡುವ ಜಾಗದಲ್ಲಿ ಕೂರುವ ಮೆತ್ತೆ. ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳಿಗೆ, ಅಂದರೆ ಲೋವರ್ ಆರ್ಮ್‌ಗೆ, ಕಂಪನಿ ರಬ್ಬರ್ ಬುಶ್ ಹಾಕಿಸಿ. ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರ್ ಅನ್ನು ಬಾಡಿಗೆ ಹಿಡಿಯುವ ಡಿ ಬುಶ್‌ಗೆ ಬೇಕಿದ್ದರೆ ಪಿಯು, ಅಂದರೆ ಪಾಲಿಯುರೆಥೇನ್, ಹಾಕಿಸಬಹುದು. ಲೋಕಲ್ ರಬ್ಬರ್ ಮಾತ್ರ ಎಲ್ಲಿಗೂ ಬೇಡ.

800 ತಯಾರಿಕೆ ನಿಂತದ್ದು 2014ರಲ್ಲಿ. ಕೊನೆಗೆ ಬಂದ ಗಾಡಿಗೂ ಈಗ ಹತ್ತು ವರ್ಷ ದಾಟಿದೆ. ನಮ್ಮ ಕಲಬುರಗಿಯಲ್ಲಿ ಇನ್ನೂ ಸಾಕಷ್ಟು ಓಡುತ್ತಿವೆ. ಎಂಜಿನ್ ಗಟ್ಟಿ ಇರುತ್ತದೆ, ಆದರೆ ಕೆಳಗಿನ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ರಬ್ಬರ್‌ಗೆ ಶಾಖವೂ ಆಗುವುದಿಲ್ಲ, ಎಂಜಿನ್‌ನಿಂದ ಸೋರುವ ಆಯಿಲ್ ಕೂಡ ಆಗುವುದಿಲ್ಲ. ಹಂಪ್ ದಾಟುವಾಗ ಕಟ್ ಕಟ್ ಅನ್ನುವುದು, ಬ್ರೇಕ್ ಹಾಕಿದರೆ ಸ್ಟೀರಿಂಗ್ ಒಂದು ಕಡೆ ಎಳೆಯುವುದು, ಟೈರ್ ಒಂದೇ ಬದಿ ಸವೆಯುವುದು ಕಂಡರೆ ಶಾಕಪ್ ಬದಲಿಸುವ ಮುಂಚೆ ಬುಶ್ ನೋಡಿಸಿ.

800ರಲ್ಲಿ ಒಂದು ವಿಶೇಷ ಇದೆ. ಇದರ ಸ್ಟೆಬಿಲೈಜರ್ ಬಾರ್ ಗಾಡಿ ವಾಲದಂತೆ ತಡೆಯುವುದರ ಜೊತೆಗೆ ಲೋವರ್ ಆರ್ಮ್ ಹಿಂದೆ ಮುಂದೆ ಹೋಗದಂತೆಯೂ ಹಿಡಿದುಕೊಂಡಿರುತ್ತದೆ. ಹಾಗಾಗಿ ಬಾರ್‌ನ ಬುಶ್ ಸವೆದರೆ ಬ್ರೇಕ್ ಹಾಕಿದಾಗ ಚಕ್ರವೇ ಜಾಗ ಬಿಡುತ್ತದೆ. ಇದನ್ನು ಬರೀ ಸದ್ದಿನ ವಿಷಯ ಅಂತ ಬಿಡಬಾರದು.

ನನ್ನದೂ ನಮ್ಮ ಅಣ್ಣನದೂ ಎರಡೂ 800. ಅವನು ಸಿಮೆಂಟ್ ಲಾರಿಗಳು ತುಂಬಿದ ಸೇಡಂ ರಸ್ತೆಯಲ್ಲಿ ಜಾಸ್ತಿ ಓಡಿಸುತ್ತಾನೆ, ನಾನು ಊರೊಳಗೆ. ಹೋಲಿಸಿ ನೋಡೋಣ ಅಂತಲೇ ಬೇರೆ ಬೇರೆ ಮಾಲು ಹಾಕಿಸಿದೆವು.

ಲೋಕಲ್ ಬುಶ್ ಬೆಲೆ ಕಂಪನಿಯದರ ಅರ್ಧಕ್ಕಿಂತ ಕಡಿಮೆ. ಕೈಯಲ್ಲಿ ಹಿಡಿದರೇ ವ್ಯತ್ಯಾಸ ಗೊತ್ತಾಗುತ್ತದೆ. ಒಳಗಿನ ಕಬ್ಬಿಣದ ನಳಿಗೆಗೆ ರಬ್ಬರ್ ಸರಿಯಾಗಿ ಕಚ್ಚಿರಲಿಲ್ಲ, ಅಂಚು ಒರಟಾಗಿತ್ತು. ಹೊಸದರಲ್ಲಿ ಗಾಡಿ ಸುಮ್ಮನಾಯಿತು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ರಬ್ಬರ್ ನಳಿಗೆಯಿಂದ ಬಿಟ್ಟುಕೊಂಡು ಹಳೆ ಸದ್ದು ಮತ್ತೆ ಶುರು. ಬುಶ್ ಅಗ್ಗ ಸರಿ, ಆದರೆ ಆರ್ಮ್ ಬಿಚ್ಚಿ ಪ್ರೆಸ್ ಮಾಡಿಸುವ ಮಜೂರಿ ಎರಡು ಸಲ ಕೊಡಬೇಕು, ಅಲ್ವಾ?

ಪಿಯು ವಿಷಯ ಬೇರೆ. ರಬ್ಬರ್ ಬುಶ್‌ನ ಗಟ್ಟಿತನ ಶೋರ್ ಎ ಅಳತೆಯಲ್ಲಿ ಸಾಮಾನ್ಯವಾಗಿ 50ರಿಂದ 70. ಪಿಯು 70ರಿಂದ 95ರ ತನಕ ಇರುತ್ತದೆ. ಆಯಿಲ್‌ಗೆ ಬೇಗ ಕೆಡುವುದಿಲ್ಲ. ಡಿ ಬುಶ್ ಜಾಗದಲ್ಲಿ ಹಾಕಿಸಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹುಮನಾಬಾದ್ ಕಡೆ ಹೈವೇಯಲ್ಲಿ ಜೋರಾಗಿ ಬ್ರೇಕ್ ಹಾಕಿದರೂ ಸ್ಟೀರಿಂಗ್ ನೇರ ನಿಂತಿತು. ಅಲ್ಲಿ ಬಾರ್ ಬುಶ್‌ನೊಳಗೆ ತಿರುಗಿದರೆ ಸಾಕು, ಬೇರೆ ಕಡೆ ಓಲಾಡಬೇಕಿಲ್ಲ.

ಅದೇ ಪಿಯುವನ್ನು ಲೋವರ್ ಆರ್ಮ್‌ಗೆ ಲೇತ್‌ನಲ್ಲಿ ಕಡೆಸಿ ಹಾಕಿಸಿದಾಗ ಗಾಡಿ ಬಿರುಸಾಯಿತು. ಪ್ರತಿ ಗುಂಡಿಯೂ ಸೀಟಿನ ತನಕ ಬಂತು. ಇದಕ್ಕೆ ಕಾರಣ ಇದೆ. ಚಕ್ರ ಮೇಲೆ ಕೆಳಗೆ ಆಡುವಾಗ ಬಾರ್ ಆರ್ಮನ್ನು ಸ್ವಲ್ಪ ಹಿಂದಕ್ಕೆ ಮುಂದಕ್ಕೂ ಎಳೆಯುತ್ತದೆ. ಆಗ ಒಳಗಿನ ಬುಶ್ ಒಂಚೂರು ಓರೆಯಾಗಿ ಬಾಗಬೇಕು. ರಬ್ಬರ್ ಬಾಗುತ್ತದೆ, ಗಟ್ಟಿ ಪಿಯು ಬಾಗುವುದಿಲ್ಲ. ಆ ಒತ್ತಡ ಬೋಲ್ಟ್ ಮತ್ತು ಬಾಡಿ ಬ್ರಾಕೆಟ್ ಮೇಲೆ ಬೀಳುತ್ತದೆ. ತುಕ್ಕು ಹಿಡಿದಿರಬಹುದಾದ ಹಳೆ ಗಾಡಿಗೆ ಇದು ಒಳ್ಳೆಯದಲ್ಲ.

ಪಿಯುಗೆ ಸಿಲಿಕೋನ್ ಗ್ರೀಸ್ ಬೇಕೇ ಬೇಕು. ನಮ್ಮ ಎರೆ ಮಣ್ಣಿನ ಧೂಳು ಒಳಗೆ ಕೂತು ಗ್ರೀಸ್ ಒಣಗಿದರೆ ಕಿರ್ ಕಿರ್ ಅನ್ನುತ್ತದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಒರೆಸಿ ಮತ್ತೆ ಹಚ್ಚಬೇಕು. ಅಷ್ಟು ಮಾಡಲು ಬಿಡುವಿಲ್ಲದವರು ಡಿ ಬುಶ್‌ಗೂ ರಬ್ಬರನ್ನೇ ಹಾಕಿಸುವುದು ವಾಸಿ.

ಅಣ್ಣನ ಗಾಡಿಯಲ್ಲಿ ಪೂರ್ತಿ ಕಂಪನಿ ರಬ್ಬರ್. ಹೊಸದರಲ್ಲಿ ಪಿಯುನಷ್ಟು ಬಿಗಿ ಅನ್ನಿಸಲಿಲ್ಲ, ನಿಜ. ಆದರೆ ಸೇಡಂ ರಸ್ತೆಯ ಗುಂಡಿಗಳನ್ನು ಅದು ನುಂಗುವ ರೀತಿ ನೋಡಿದರೆ ನನಗೆ ಬೇರೆ ಮಾತೇ ಬೇಡ. ಬೇಸಿಗೆಗಳು ಕಳೆದರೂ ಬಿರುಕಿಲ್ಲ, ಸದ್ದಿಲ್ಲ.

ಆದರೆ ಎಷ್ಟೇ ಒಳ್ಳೆಯ ಬುಶ್ ತಂದರೂ ಕೂರಿಸುವಾಗ ಕೆಡಬಹುದು. ರಬ್ಬರ್ ಬುಶ್ ಗ್ರೀಸ್ ಮೇಲೆ ಜಾರುವ ವಸ್ತುವಲ್ಲ. ಅದರ ರಬ್ಬರ್ ತಿರುಚಿಕೊಂಡು ಮತ್ತೆ ವಾಪಸ್ ಬರುತ್ತದೆ. ಗಾಡಿ ಜ್ಯಾಕ್ ಮೇಲಿದ್ದು ಚಕ್ರ ಜೋತಾಡುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ. ಹಾಗಾಗಿ ನಾನು ಗ್ಯಾರೇಜಿನಲ್ಲಿ ನಿಂತು ಕೇಳುವುದು ಒಂದೇ: "ಉಸ್ತಾದ್, ಗಾಡಿ ನೆಲಕ್ಕ ಇಳಿಸಿ ಆಮ್ಯಾಲ ಫುಲ್ ಬಿಗಿ ಮಾಡ್ರಿ." ಒಳ್ಳೆಯ ಉಸ್ತಾದ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಹಾಗೆಯೇ ಬುಶ್ ಒಳಗೆ ಹೋಗಲೆಂದು ಸಾದಾ ಗ್ರೀಸ್ ಬಳಿಯಲು ಬಿಡಬೇಡಿ, ಅದು ರಬ್ಬರನ್ನು ಉಬ್ಬಿಸುತ್ತದೆ. ಸೋಪಿನ ನೀರು ಸಾಕು. ಸುತ್ತಿಗೆಯಲ್ಲಿ ಬಡಿಯುವ ಬದಲು ಪ್ರೆಸ್ ಮಷಿನ್‌ನಲ್ಲಿ ಹಾಕಿಸಿ.

ಬುಶ್ ಜೊತೆ ಆರ್ಮ್‌ನ ಚಕ್ರದ ಕಡೆ ತುದಿಯ ಬಾಲ್ ಜಾಯಿಂಟ್ ಕೂಡ ಸಡಿಲ ಇದ್ದರೆ ಬುಶ್ ಸಮೇತ ಬರುವ ಪೂರ್ತಿ ಆರ್ಮ್ ವಿಚಾರಿಸಿ. ಮಜೂರಿ ಲೆಕ್ಕ ಹಾಕಿದರೆ ದುಬಾರಿ ಅನ್ನಿಸುವುದಿಲ್ಲ. ಎಡ ಬಲ ಎರಡೂ ಒಟ್ಟಿಗೇ ಬದಲಿಸಿ, ಅದೇ ದಿನ ಅಲೈನ್‌ಮೆಂಟ್ ಮಾಡಿಸಿ.