ಬಜೆಟ್ ಪ್ರಯೋಗಕ್ಕೆ ಓಟ್ರೀ, ಮುಂದಿನ ವರ್ಷಗಳಿಗೆ ನೆಟ್‌ಲೋಗೋ

ವಿಭಾಗದ ಮ್ಯಾನೇಜರ್ ತನಗೆ ಬೇಕಾದುದಕ್ಕಿಂತ ಹೆಚ್ಚು ಖರ್ಚು ತೋರಿಸಿ ಬಜೆಟ್ ಕೇಳುವುದನ್ನು ನಿರ್ವಹಣಾ ಲೆಕ್ಕಶಾಸ್ತ್ರದಲ್ಲಿ ‘ಬಜೆಟ್ ಸ್ಲ್ಯಾಕ್’ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಇದನ್ನು ಹತ್ತು ಸುತ್ತು ಆಡಿಸಿ ನೋಡಬಹುದು. ಕಂಪನಿಯೊಂದರಲ್ಲಿ ಇದೇ ಆಟ ಇಪ್ಪತ್ತು ವರ್ಷ ನಡೆದರೆ ಏನಾದೀತು ಎಂಬುದಕ್ಕೆ ಕಂಪ್ಯೂಟರಿನಲ್ಲಿ ಅಣಕು ಮಾದರಿ ಓಡಿಸುವ ಸಿಮ್ಯುಲೇಶನ್ನೇ ಬೇಕು. ಹಾಗಾಗಿ ಮೊದಲನೆಯದಕ್ಕೆ ಓಟ್ರೀ, ಎರಡನೆಯದಕ್ಕೆ ನೆಟ್‌ಲೋಗೋ ಎಂಬ ತಂತ್ರಾಂಶ ಬಳಸಿದೆ. ಎರಡಕ್ಕೂ ಬಿಡಿಗಾಸು ಕೊಡಬೇಕಿಲ್ಲ.

ಓಟ್ರೀಯಲ್ಲಿ ಪ್ರಯೋಗವನ್ನು ಪೈಥಾನ್ ಭಾಷೆಯಲ್ಲಿ ಬರೆಯಬೇಕು. ಇದೇ ಕೆಲಸದ ಹಳೆಯ ತಂತ್ರಾಂಶ ಝೆಡ್-ಟ್ರೀಗೆ ವಿಂಡೋಸ್ ಕಂಪ್ಯೂಟರ್‌ಗಳ ಲ್ಯಾಬ್ ಬೇಕಿತ್ತು. ಓಟ್ರೀಗೆ ಬ್ರೌಸರ್ ಇದ್ದರೆ ಸಾಕು, ವಿದ್ಯಾರ್ಥಿಗಳು ಮೊಬೈಲಿನಲ್ಲೇ ಉತ್ತರಿಸುತ್ತಾರೆ. ಪುಟಗಳೆಲ್ಲ ಎಚ್‌ಟಿಎಂಎಲ್, ಅಂದರೆ ಮಾಮೂಲಿ ವೆಬ್ ಪುಟಗಳು ಆದ್ದರಿಂದ ಸೂಚನೆಗಳನ್ನು ಕನ್ನಡದಲ್ಲೇ ಕೊಟ್ಟೆ, ‘ಸರ್, ಇಲ್ಲಿ ಯಾವ ಕಾಸ್ಟ್ ಬರೀಬೇಕು’ ಎಂಬ ಪ್ರಶ್ನೆ ನಿಂತಿತು.

ನೆಟ್‌ಲೋಗೋವನ್ನು ಯೂರಿ ವಿಲೆನ್ಸ್ಕಿ 1999ರಲ್ಲಿ ರೂಪಿಸಿದರು. ಪರದೆಯ ಮೇಲೆ ಆಮೆಯೊಂದನ್ನು ಓಡಿಸುವ ಲೋಗೋ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಬಳುವಳಿಯಾಗಿ ಇಲ್ಲಿ ಚಲಿಸುವ ಪಾತ್ರಗಳಿಗೆಲ್ಲ ‘ಆಮೆ’ ಎಂದೇ ಹೆಸರು. ನನ್ನ ಮ್ಯಾನೇಜರ್‌ಗಳೂ ಆಮೆಗಳಾದರು, ಬಜೆಟ್ ಕಡತ ಸಾಗುವ ವೇಗ ಬಲ್ಲವರಿಗೆ ಇದು ಅಸಂಗತವೆನಿಸದು. ಇದರ ಬಿಹೇವಿಯರ್‌ಸ್ಪೇಸ್ ಎಂಬ ಸಲಕರಣೆ ಬೇರೆ ಬೇರೆ ಮೌಲ್ಯಗಳನ್ನು ಹಾಕಿ ಮಾದರಿಯನ್ನು ಸಾವಿರಾರು ಸಲ ತಾನೇ ಓಡಿಸಿ, ಫಲಿತಾಂಶವನ್ನು ಎಕ್ಸೆಲ್‌ನಲ್ಲಿ ತೆರೆಯಬಲ್ಲ ಸಿಎಸ್‌ವಿ ಕಡತಕ್ಕೆ ಬರೆಯುತ್ತದೆ.

ನಾನು ಎಡವಿದ್ದು ಇವೆರಡನ್ನು ಜೋಡಿಸುವಲ್ಲಿ. ಓಟ್ರೀಯಲ್ಲಿ ಎಲ್ಲರೂ ತಮ್ಮ ಅಂದಾಜು ಸಲ್ಲಿಸುವವರೆಗೆ ಕಾಯುವ ಪುಟವೊಂದು ಎಲ್ಲರನ್ನೂ ತಡೆದಿಡುತ್ತದೆ, ಆಮೇಲಷ್ಟೇ ಹಣ ಹಂಚಿಕೆಯಾಗುತ್ತದೆ. ನೆಟ್‌ಲೋಗೋದ ‘ಆಸ್ಕ್’ ಆಜ್ಞೆಯಾದರೋ ಆಮೆಗಳನ್ನು ಒಂದೊಂದಾಗಿ, ಪ್ರತಿ ಸಲವೂ ಬೇರೆ ಸರದಿಯಲ್ಲಿ ಕರೆಯುತ್ತದೆ. ಅಂದಾಜು, ಹಂಚಿಕೆ ಎರಡನ್ನೂ ಒಂದೇ ‘ಆಸ್ಕ್’ನೊಳಗೆ ಬರೆದಿದ್ದರಿಂದ ಮೊದಲು ಬಂದ ಆಮೆಗಳು ನಿಧಿಯನ್ನು ಬಳಿದುಕೊಂಡು ಹೋದವು, ಪ್ರಾಮಾಣಿಕರು ಸೋಲುತ್ತಾರೆಂದು ನಾನು ಬರೆದಿಟ್ಟ ತೀರ್ಮಾನ ಬರೀ ಸರದಿಯ ಫಲವಾಗಿತ್ತು. ಎರಡು ಹಂತಗಳಾಗಿ ಒಡೆದು ಬರೆದ ಮೇಲೆ ಅದು ಮಾಯವಾಯಿತು.

ಇವೆರಡರ ನಡುವೆ ಸಿದ್ಧ ಸೇತುವೆಯಿಲ್ಲ. ಓಟ್ರೀಯ ದತ್ತಾಂಶದಿಂದ ಯಾರು ಯಾವಾಗ ಎಷ್ಟು ಉಬ್ಬಿಸುತ್ತಾರೆಂಬ ವರ್ತನೆಯ ನಿಯಮವನ್ನು ನಾವೇ ಅಂದಾಜಿಸಿ ಆಮೆಗಳಿಗೆ ಕೊಡಬೇಕು. ಈ ಶ್ರಮವೇಕೆ, ಎಲ್ಲರೂ ಸ್ವಾರ್ಥಿಗಳೆಂದು ಹಿಡಿದು ನೇರವಾಗಿ ಸಿಮ್ಯುಲೇಶನ್ ಓಡಿಸಿದರಾಗದೆ ಎಂದು ಕೇಳುವವರಿದ್ದಾರೆ. ಆದರೆ ಲೆಕ್ಕಶಾಸ್ತ್ರ ಸಂಶೋಧಕರಾದ ಇವಾನ್ಸ್, ಹ್ಯಾನನ್, ಕೃಷ್ಣನ್ ಮತ್ತು ಮೋಸರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಳ್ಳು ಹೇಳಿದರೆ ಲಾಭವಿದ್ದರೂ ಬಹುಮಂದಿ ಪೂರ್ತಿ ಲಾಭಕ್ಕೆ ಬೇಕಾದಷ್ಟು ಸುಳ್ಳು ಹೇಳಲಿಲ್ಲ. ನನ್ನ ವಿದ್ಯಾರ್ಥಿಗಳೂ ಹಾಗೆಯೇ. ಎಲ್ಲ ಆಮೆಗಳಿಗೂ ಅವರ ಸರಾಸರಿಯನ್ನು ಕೊಟ್ಟಾಗ ಇಪ್ಪತ್ತು ವರ್ಷವೂ ಸಪ್ಪೆ ಗೆರೆಯೊಂದು ಬಂತು. ಒಬ್ಬೊಬ್ಬ ವಿದ್ಯಾರ್ಥಿಯ ನಿಯಮವನ್ನು ಒಂದೊಂದು ಆಮೆಗೆ ಕೊಟ್ಟ ಮೇಲೆ, ಪಕ್ಕದವರ ಉಬ್ಬಿಸಿದ ಲೆಕ್ಕಕ್ಕೆ ಮಂಜೂರಾತಿ ಸಿಕ್ಕುದನ್ನು ಕಂಡು ಇತರರೂ ಕಲಿಯತೊಡಗಿದ್ದು ಪರದೆಯ ಮೇಲೆ ಕಾಣಿಸಿತು.